ಕಡಲಿಲ್ಲದ ಊರಿನಲ್ಲಿ ಕಡಲ ಪಾಠ

ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಸಮುದ್ರದ ಬಗ್ಗೆ ದೊರೆಯುವ ತಿಳಿವಳಿಕೆ ಬಹುಮಟ್ಟಿಗೆ ಎರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಭೂಮಿಯ ಮೇಲ್ಮೈಯ ಮುಕ್ಕಾಲು ಪಾಲು ನೀರು ಎಂಬುದು ಮೊದಲನೆಯದು. 1498ರಲ್ಲಿ ವಾಸ್ಕೋ ಡ ಗಾಮನು ಭಾರತಕ್ಕೆ ಜಲಮಾರ್ಗವನ್ನು ಕಂಡುಹಿಡಿದನು ಎಂಬುದು ಎರಡನೆಯದು. ಮೊದಲನೆಯದು ಸುಮಾರಾಗಿ ಸರಿ. ಎರಡನೆಯದನ್ನು ಒಪ್ಪಬೇಕಾದರೆ ಅದಕ್ಕೆ ಮೊದಲು ಈ ನೀರಿನ ಮೇಲೆ ಹೋಗಿಬಂದ, ಹೋದಲ್ಲಿಯೇ ನೆಲೆನಿಂತ, ಸಾವಿರಾರು ವರ್ಷಗಳ ಜನರನ್ನೆಲ್ಲ ಲೆಕ್ಕದಿಂದ ಕೈಬಿಡಬೇಕಾಗುತ್ತದೆ. ಪಠ್ಯಪುಸ್ತಕಗಳು ಈಚೆಗೆ ಕೊಂಚ ಸುಧಾರಿಸಿರಬಹುದು. ಪರೀಕ್ಷೆಯ ಪ್ರಶ್ನೆ ಮಾತ್ರ ಸುಧಾರಿಸಿಲ್ಲ.

ಕನ್ನಡಿಗರಾದ ನಮಗೆ ಈ ಮರೆವು ಇನ್ನೂ ಹಳೆಯದು. ನಮ್ಮ ನಾಡನ್ನು ನಾವು ವರ್ಣಿಸುವುದೇ ನದಿಗಳಿಂದ. ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿ ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳಿತು. ದಕ್ಷಿಣೋತ್ತರವಾಗಿ ಎರಡು ನದಿಗಳು ಸಿಕ್ಕವು, ಪಡುವಣ ಕಡಲು ಆ ಎಲ್ಲೆಯ ಮಾತಿನಲ್ಲಿ ಬರಲಿಲ್ಲ. ಆದರೆ ಅದೇ ರಾಷ್ಟ್ರಕೂಟ ದೊರೆಗಳನ್ನು 'ಬಲ್ಹರಾ' ಎಂದು ಕರೆದು ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬರೆಂದು ಎಣಿಸಿದವರು ಕಡಲಿನಿಂದ ಬಂದ ಅರಬ್ಬೀ ವರ್ತಕರು. ರಾಷ್ಟ್ರಕೂಟರ ಕೈಕೆಳಗೆ ಸಂಜಾನ ಬಂದರಿನ ಆಡಳಿತವನ್ನು ಅರಬ್ಬೀ ಮೂಲದ ಅಧಿಕಾರಿಯೊಬ್ಬನು ನಡೆಸುತ್ತಿದ್ದನೆಂದು 926ರ ಚಿಂಚಣಿ ತಾಮ್ರಪಟವು ತಿಳಿಸುತ್ತದೆ. ಐಹೊಳೆಯ ಹೆಸರು ಹೊತ್ತ ಐನೂರ್ವರ ವರ್ತಕ ಸಂಘದ ಶಾಸನವೊಂದು 1088ರಲ್ಲಿ ಸುಮಾತ್ರಾ ದ್ವೀಪದ ಬರುಸ್ ಬಂದರಿನ ಬಳಿ, ತಮಿಳಿನಲ್ಲಿ, ಕಲ್ಲಿನ ಮೇಲೆ ನಿಂತಿತು. ಮಲಪ್ರಭೆಯ ದಡದ ಒಂದು ಊರಿನ ಹೆಸರು ಬಂಗಾಳ ಕೊಲ್ಲಿಯನ್ನು ದಾಟಿ ಹೋದ ಈ ಕಥೆಯನ್ನು ನಮ್ಮ ಎಷ್ಟು ಮಕ್ಕಳು ಕೇಳಿದ್ದಾರೆ?

ಕೇಳಿದರೂ ಸಾಲದು ಎಂಬುದು ನನ್ನ ವಾದ. ಹಡಗಿನ ಇತಿಹಾಸವನ್ನು ಮಕ್ಕಳು ಕೈಯಿಂದ ಕಲಿಯಬೇಕು; ಹಗ್ಗ ಹೊಸೆದು, ಹಲಗೆ ಹೊಲಿದು, ಗಾಳಿಗೆ ಹಾಯಿ ಒಡ್ಡಿ ಕಲಿಯಬೇಕು. ಮತ್ತು ಇದನ್ನು ಮಾಡಬೇಕಾದದ್ದು ಕಡಲತೀರದ ಶಾಲೆಗಳಷ್ಟೇ ಅಲ್ಲ. ಈ ಹೈದರಾಬಾದು ನಗರದಲ್ಲಿ ನಮ್ಮಂಥ ಸಂಘಗಳೂ ಮಾಡಬಹುದು.

ಸಮುದ್ರವು ಇಲ್ಲಿಂದ ಸುಮಾರು ಮುನ್ನೂರು ಕಿಲೋಮೀಟರ್ ದೂರ. ಆದರೂ ದೇಶದ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರವು 1999ರಲ್ಲಿ ಸ್ಥಾಪನೆಯಾದದ್ದು ಈ ಊರಿನಲ್ಲೇ. ಪ್ರಗತಿನಗರದ ಆ ಕಟ್ಟಡದಿಂದಲೇ 2007ರಿಂದ ಸುನಾಮಿಯ ಮುನ್ನೆಚ್ಚರಿಕೆ ಹೊರಡುತ್ತಿದೆ. ಮೀನು ಎಲ್ಲಿ ಸಿಗಬಹುದೆಂಬ ಸೂಚನೆ ಮಲ್ಪೆಯ ಮೀನುಗಾರನಿಗೂ ಇಲ್ಲಿಂದಲೇ ಹೋಗುತ್ತದೆ. ಇನ್ನು ಮನುಷ್ಯರ ಮಾತು. ಚಾಂದ್ರಾಯಣಗುಟ್ಟದ ಆಚೆಯ ಬಾರ್ಕಸ್ ಎಂಬ ಬಡಾವಣೆಯ ಹೆಸರು 'ಬ್ಯಾರಕ್ಸ್' ಎಂಬುದರ ಅಪಭ್ರಂಶ. ಯೆಮೆನಿನ ಹದ್ರಮೌತ್ ಪ್ರಾಂತದಿಂದ ಸಮುದ್ರ ದಾಟಿ ಬಂದು ನಿಜಾಮರ ಸೈನ್ಯದಲ್ಲಿ ದುಡಿದ ಅರಬರ ವಂಶಸ್ಥರು ಅಲ್ಲಿದ್ದಾರೆ. ಮಾಸಾಬ್ ಟ್ಯಾಂಕ್ ಸಮೀಪದ ಎ.ಸಿ. ಗಾರ್ಡ್ಸ್ ಎಂಬುದು ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್. ಅಲ್ಲಿ ಸಿದ್ದಿಗಳ ಮನೆಗಳಿವೆ. ನಮ್ಮಲ್ಲಿ ಎಷ್ಟೋ ಮಂದಿ ದಿನವೂ ಬಸ್ಸಿನ ಫಲಕದಲ್ಲಿ ಈ ಹೆಸರುಗಳನ್ನು ಓದುತ್ತೇವೆ, ಹವಾನಿಯಂತ್ರಣದ ಏನೋ ಸಂಬಂಧವಿರಬೇಕೆಂದು ಊಹಿಸಿ ಸುಮ್ಮನಾಗುತ್ತೇವೆ. ಇದೇ ಆಫ್ರಿಕದ ಜನರ ಇನ್ನೊಂದು ಕವಲು ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಕನ್ನಡ ಕೊಂಕಣಿಗಳನ್ನಾಡಿಕೊಂಡು ಬಾಳುತ್ತಿದೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆತದ್ದು 2003ರಲ್ಲಿ. ಸಮುದ್ರ ದಾಟಿದವರೆಲ್ಲ ಇಚ್ಛೆಯಿಂದ ದಾಟಲಿಲ್ಲ. ಸಿದ್ದಿಗಳ ಪೂರ್ವಜರಲ್ಲಿ ಅನೇಕರನ್ನು ಗುಲಾಮರನ್ನಾಗಿ ಹಡಗಿಗೆ ತುಂಬಲಾಯಿತು. ಇದನ್ನೂ ಮಕ್ಕಳಿಂದ ಮುಚ್ಚಿಡಬಾರದು.

ಈಚಿನ ಒಂದು ಘಟನೆಯು ಈ ಪಾಠಕ್ಕೆ ಒಳ್ಳೆಯ ಸಂದರ್ಭವನ್ನು ಒದಗಿಸಿದೆ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ 'ಕೌಂಡಿನ್ಯ' ಎಂಬ ಹಡಗನ್ನು ಭಾರತೀಯ ನೌಕಾದಳಕ್ಕೆ ಸೇರಿಸಿಕೊಳ್ಳಲಾಯಿತು. ಇದರ ಹಲಗೆಗಳನ್ನು ಮೊಳೆಯಿಂದ ಜೋಡಿಸಿಲ್ಲ; ತೆಂಗಿನ ನಾರಿನ ಹುರಿಯಿಂದ ಹೊಲಿದಿದ್ದಾರೆ. ಕೇರಳದ ಬಾಬು ಶಂಕರನ್ ಎಂಬ ಹಿರಿಯ ಕಸುಬುದಾರರೂ ಅವರ ಸಂಗಡಿಗರೂ ಗೋವೆಯಲ್ಲಿ ಕಟ್ಟಿದ ಈ ಹಡಗಿಗೆ ಆಧಾರವಾಗಿದ್ದುದು ಅಜಂತೆಯ ಐದನೆಯ ಶತಮಾನದ ಒಂದು ಚಿತ್ರ. ನಕ್ಷೆ ಉಳಿದಿರಲಿಲ್ಲ, ಚಿತ್ರವೊಂದು ಉಳಿದಿತ್ತು, ಜೊತೆಗೆ ಕೈಗಳ ನೆನಪು ಉಳಿದಿತ್ತು. ಹಾಯಿಯ ಮೇಲೆ ಗಂಡಭೇರುಂಡ ಮತ್ತು ಸೂರ್ಯ, ಮೂತಿಯಲ್ಲಿ ಸಿಂಹಯಾಳಿ. 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟ ಈ ಹಡಗು 2026ರ ಜನವರಿ ನಡುವಿನಲ್ಲಿ ಮಸ್ಕತ್ ತಲುಪಿತು.

ಅಜಂತೆಯ ಹೆಸರು ಬಂದಾಗ ಹೈದರಾಬಾದಿಗರು ಒಂದು ಕ್ಷಣ ನಿಲ್ಲಬೇಕು. ಅಜಂತೆಯು ಹಿಂದೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅದರ ಚಿತ್ರಗಳನ್ನು ಉಳಿಸಲು 1914ರಲ್ಲಿ ಆರಂಭವಾದ ಸಂಸ್ಥಾನದ ಪುರಾತತ್ವ ಇಲಾಖೆಯು, ಗುಲಾಮ್ ಯಜ್ದಾನಿಯವರ ನೇತೃತ್ವದಲ್ಲಿ, ಇಟಲಿಯಿಂದ ತಜ್ಞರನ್ನು ಕರೆಸಿತು. ಸಯ್ಯದ್ ಅಹಮದ್ ಮತ್ತು ಮಹಮ್ಮದ್ ಜಲಾಲುದ್ದೀನ್ ಬರೆದ ಅಜಂತಾ ಚಿತ್ರಗಳ ಪ್ರತಿಕೃತಿಗಳು ಪಬ್ಲಿಕ್ ಗಾರ್ಡನ್ಸ್‌ನ ವಸ್ತುಸಂಗ್ರಹಾಲಯದಲ್ಲಿವೆ. ಶಾತವಾಹನರ ನಾಣ್ಯಗಳ ದೊಡ್ಡ ಸಂಗ್ರಹವೂ ಅಲ್ಲಿದೆ. ಎರಡು ಕೂವೆಮರಗಳ ಹಡಗನ್ನು ನಾಣ್ಯದ ಮೇಲೆ ಒತ್ತಿದ ಅರಸರು ಈ ದಖ್ಖನಿನವರೇ. ಸಂಘದಿಂದ ನಾವು ಮಕ್ಕಳನ್ನು ಕರೆದೊಯ್ಯುವುದು ಮಾತ್ರ ಚಲನಚಿತ್ರ ನಗರಿಗೆ.

ಕೈಯಿಂದ ಕಲಿಯುವುದೆಂದರೆ ಏನು? ಈ ನಗರದ ಒಂದು ಶಾಲೆಯ ಪ್ರದರ್ಶನದಲ್ಲಿ ಥರ್ಮೋಕೋಲಿನ ಸೊಗಸಾದ ಹಡಗೊಂದನ್ನು ಕಂಡೆ. ಅದನ್ನು ಕಾಯುತ್ತಿದ್ದ ಹುಡುಗಿಯನ್ನು, "ಇದನ್ನು ನೀರಿಗೆ ಬಿಟ್ಟು ನೋಡಿದೆಯಾ, ಮಗು?" ಎಂದೆ. "ಇಲ್ಲ ಅಂಕಲ್, ಪೇಂಟು ಹೋಗುತ್ತೆ," ಎಂದಳು. ನೀರಿಗೆ ಬೀಳದ ಹಡಗು, ಅಂಕ ಗಳಿಸುವ ಹಡಗು. ಇದಲ್ಲ ನಾನು ಹೇಳುತ್ತಿರುವುದು.

ತೆಳುವಾದ ಎರಡು ಹಲಗೆಪಟ್ಟಿಗಳನ್ನು ಮೊಳೆ ಹೊಡೆದು ಸೇರಿಸಿ. ಇನ್ನೆರಡನ್ನು ಅಂಚಿನಲ್ಲಿ ತೂತು ಕೊರೆದು ಕತ್ತದ ಹುರಿಯಿಂದ ಬಿಗಿಯಾಗಿ ಹೊಲಿಯಿರಿ. ಎರಡನ್ನೂ ಮಕ್ಕಳ ಕೈಗೆ ಕೊಟ್ಟು ಬಗ್ಗಿಸಲು ಹೇಳಿ. ಮೊಳೆಯ ಜೋಡಣೆ ಸೀಳುತ್ತದೆ, ಹೊಲಿಗೆಯದು ಬಳುಕುತ್ತದೆ. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತನು ನಾರಿನಿಂದ ಹೊಲಿದ ಹಡಗುಗಳು ಬಂಡೆಗೆ ತಾಗಿದರೂ ಒಡೆಯದಿರಲು ಈ ಬಳುಕೇ ಕಾರಣವೆಂದು ಬರೆದಿದ್ದಾನೆ. (ಅವನು ಹೊನ್ನಾವರದಲ್ಲಿ ಹೆಣ್ಣುಮಕ್ಕಳ ಹದಿಮೂರು ಶಾಲೆಗಳನ್ನೂ ಗಂಡುಮಕ್ಕಳ ಇಪ್ಪತ್ತಮೂರು ಶಾಲೆಗಳನ್ನೂ ಎಣಿಸಿದ್ದನೆಂಬುದನ್ನು ನಮ್ಮ ಶಿಕ್ಷಣ ತಜ್ಞರ ಗಮನಕ್ಕೆ ತರುತ್ತೇನೆ.) ಅನಂತರ ಆ ಹೊಲಿಗೆಯ ಸಂದುಗಳಿಗೆ ನಾರು ತುರುಕಿ, ರಾಳ ಬಳಿದು, ಬಕೇಟಿನಲ್ಲಿ ಮುಳುಗಿಸಿ, ನೀರು ಎಲ್ಲಿಂದ ಒಸರುತ್ತದೆಂದು ನೋಡಲಿ. ಒಸರಿಯೇ ಒಸರುತ್ತದೆ. ಹಡಗಿನಲ್ಲಿ ನೀರು ಮೊಗೆಯುವುದೇ ಒಬ್ಬನ ಕೆಲಸವಾಗಿತ್ತು ಎಂಬುದು ಆಗ ಹೇಳದೆಯೇ ತಿಳಿಯುತ್ತದೆ.

ಎರಡನೆಯದು ಗಾಳಿ. ಇದೇ ನನ್ನ ಮಟ್ಟಿಗೆ ಇಡೀ ಪಾಠದ ತಿರುಳು. ಅಗಲವಾದ ತಟ್ಟೆಯಲ್ಲಿ ನೀರು, ಅದರ ಒಂದು ದಡಕ್ಕೆ ಮಸ್ಕತ್, ಏಡನ್, ಮಲಿಂದಿ ಎಂದು ಚೀಟಿ, ಇನ್ನೊಂದು ದಡಕ್ಕೆ ಭಟ್ಕಳ, ಬಾರಕೂರು, ಮಂಗಳೂರು ಎಂದು ಚೀಟಿ. ಮೇಜಿನ ಫ್ಯಾನು ಒಂದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಗಾಳಿ ನೈಋತ್ಯದಿಂದ, ನವೆಂಬರಿನಿಂದ ಫೆಬ್ರವರಿಯವರೆಗೆ ಈಶಾನ್ಯದಿಂದ. ಚೌಕದ ಹಾಯಿ ಕಟ್ಟಿದ ಪುಟ್ಟ ದೋಣಿಯನ್ನು ಗಾಳಿಗೆ ಎದುರಾಗಿ ನಡೆಸಲು ಮಕ್ಕಳು ಎಷ್ಟು ಹೆಣಗಿದರೂ ಅದು ಹೋಗದು. ಫ್ಯಾನನ್ನು ಆಚೆ ದಡಕ್ಕೆ ತಿರುಗಿಸುವವರೆಗೆ ಕಾಯಲೇಬೇಕು.

ಇಲ್ಲಿ ವಾಸ್ಕೋ ಡ ಗಾಮನನ್ನು ಕರೆತನ್ನಿ. 1498ರ ಏಪ್ರಿಲ್ ಕೊನೆಯಲ್ಲಿ ಮಲಿಂದಿಯಲ್ಲಿ ದೊರೆತ ನುರಿತ ಮಾರ್ಗದರ್ಶಿಯ ಸಹಾಯದಿಂದ ಹೊರಟ ಅವನು ನಾಲ್ಕು ವಾರದೊಳಗೆ ಕಲ್ಲಿಕೋಟೆಯನ್ನು ಮುಟ್ಟಿದ. ಮರಳುವಾಗ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಹಡಗು ರಿಪೇರಿ ಮಾಡಿಕೊಂಡು, ಈಶಾನ್ಯದ ಗಾಳಿ ನೆಲೆಗೊಳ್ಳುವ ಮೊದಲೇ, ಅಕ್ಟೋಬರ್ 5ರಂದು ಹೊರಟ. ಅದೇ ಕಡಲನ್ನು ದಾಟಲು ಈ ಸಲ ಹಿಡಿದದ್ದು ಸುಮಾರು ಮೂರು ತಿಂಗಳು. ವಸಡು ಬಾತು, ನಾವಿಕರು ಸಾಲುಸಾಲಾಗಿ ಸತ್ತರು. ಕಾರವಾರದ ಯಾವ ಮೀನುಗಾರನಾದರೂ "ಇನ್ನೊಂದು ತಿಂಗಳು ತಡೆಯಿರಿ" ಎನ್ನಬಹುದಾಗಿತ್ತು. ಜಲಮಾರ್ಗ ಕಂಡುಹಿಡಿದವನಿಗೆ ಗಾಳಿಯ ಪಂಚಾಂಗ ಗೊತ್ತಿರಲಿಲ್ಲ ಎಂಬುದನ್ನು ಮಗು ಒಮ್ಮೆ ಫ್ಯಾನಿನ ಮುಂದೆ ಕಂಡರೆ, 1498 ಎಂಬ ಇಸವಿ ಅದಕ್ಕೆ ಬೇರೆಯೇ ಆಗಿ ನೆನಪಿರುತ್ತದೆ.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ಗಾಳಿ ತಿರುಗುವವರೆಗೆ ಬಂದವನು ಬಂದರಿನಲ್ಲಿ ತಿಂಗಳುಗಟ್ಟಲೆ ಉಳಿಯಬೇಕು. ಉಳಿದವನು ಅಡುಗೆಗೆ ಸಾಮಾನು ಕೊಳ್ಳಬೇಕು, ಅದಕ್ಕೆ ಭಾಷೆ ಕಲಿಯಬೇಕು. ಸಾಲ ಕೊಡುತ್ತಾನೆ, ಮದುವೆಯಾಗುತ್ತಾನೆ, ಮಗುವಿಗೆ ಹೆಸರಿಡುತ್ತಾನೆ. ಭಟ್ಕಳದ ನವಾಯತರ ಸಮುದಾಯದಂಥವು ಹುಟ್ಟಿಕೊಂಡ ಬಗೆ ಇದೇ ಜಾಡಿನದು. ವಲಸೆ ಎಂಬುದನ್ನು ನಾವು ಒಂದು ಮಹಾನಿರ್ಧಾರವೆಂದು ಭಾವಿಸುತ್ತೇವೆ. ಬಹುಪಾಲು ವಲಸೆಗಾರರು ಮುಂದಿನ ಗಾಳಿಗೆ ಹೋಗೋಣವೆಂದುಕೊಂಡು ಉಳಿದವರು. ಎರಡು ವರ್ಷದ ವರ್ಗಾವಣೆಯ ಮೇಲೆ ಈ ಊರಿಗೆ ಬಂದು ಇಲ್ಲಿಯೇ ಮನೆ ಕಟ್ಟಿಸಿದ ನಮ್ಮ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಂಥ ಒಬ್ಬನ ಹೆಸರು ಅಬ್ರಹಾಂ ಬೆನ್ ಯಿಜು. ಟ್ಯುನೀಷಿಯ ಮೂಲದ ಈ ಯೆಹೂದಿ ವರ್ತಕ ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ಸುಮಾರು ಹದಿನೇಳು ವರ್ಷವಿದ್ದು 1149ರಲ್ಲಿ ಮರಳಿದ. ಅಶು ಎಂಬ ಸ್ಥಳೀಯ ಸ್ತ್ರೀಯೊಡನೆ ಸಂಸಾರ ಹೂಡಿದ. ಕಂಚು ತಾಮ್ರದ ಕಾರ್ಖಾನೆ ನಡೆಸಿದ. ಏಡನ್‌ಗೆ ಅವನ ಪರವಾಗಿ ಹೋಗಿಬರುತ್ತಿದ್ದವನ ಹೆಸರನ್ನು ಬೊಮ್ಮ ಎಂದು ಓದಿದ್ದಾರೆ. ಅವನಿಗೆ ಬಂದ ಪತ್ರಗಳು ಕೈರೋ ನಗರದ ಪ್ರಾರ್ಥನಾ ಮಂದಿರವೊಂದರ ಕೋಣೆಯಲ್ಲಿ ಎಂಟುನೂರು ವರ್ಷ ಉಳಿದು ಬಂದವು. ಅಮಿತಾವ್ ಘೋಷರು 1992ರ ತಮ್ಮ ಪುಸ್ತಕದಲ್ಲಿ ಬೊಮ್ಮನ ಜಾಡು ಹಿಡಿದು ತುಳುನಾಡಿಗೆ ಬಂದರು. ಇದು ಕನ್ನಡ ತರಗತಿಗೆ ಹೇಳಿ ಮಾಡಿಸಿದ ವಸ್ತು. ಮಕ್ಕಳು ಬೊಮ್ಮನಾಗಿ ಕನ್ನಡದಲ್ಲಿ ಪತ್ರ ಬರೆಯಲಿ: ಇಷ್ಟು ಮೆಣಸು, ಇಷ್ಟು ಅಡಕೆ, ಏಲಕ್ಕಿ, ಶುಂಠಿ ಇಳಿಸಿದೆ, ಕಾಗದ, ಸಕ್ಕರೆ, ಒಣದ್ರಾಕ್ಷಿ ತರುತ್ತೇನೆ. ಪತ್ರವನ್ನು ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕಬೇಕು. ಉತ್ತರ ಸಿಗುವುದು ಆರು ತಿಂಗಳ ಮೇಲೆ, ಗಾಳಿ ತಿರುಗಿದಾಗ. ಕೈಬೆರಳಿನ ಒಂದು ಒತ್ತಿಗೆ ಲೋಕದ ಆಚೆಯಿಂದ ಉತ್ತರ ಪಡೆಯುವ ಮಕ್ಕಳಿಗೆ ಈ ಕಾಯುವಿಕೆ ಯಾವ ಉಪನ್ಯಾಸಕ್ಕಿಂತಲೂ ಹೆಚ್ಚನ್ನು ಕಲಿಸೀತು.

ಲೆಕ್ಕದ ಪಾಠವೂ ಉಂಟು. ಹದಿನೈದು ಜನ, ಇಪ್ಪತ್ತು ದಿನ, ಒಬ್ಬನಿಗೆ ದಿನಕ್ಕೆ ನಾಲ್ಕು ಲೀಟರ್ ಎಂದರೆ ಸಾವಿರದ ಇನ್ನೂರು ಲೀಟರ್ ಸಿಹಿನೀರು, ಅಷ್ಟೇ ಕಿಲೋ ತೂಕ. ಅದನ್ನಿಟ್ಟ ಮೇಲೆ ಮೆಣಸಿಗೆ ಜಾಗವೆಷ್ಟು? ಮಕ್ಕಳೇ ಜಗಳವಾಡಿ ತೀರ್ಮಾನಿಸಲಿ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಇಂಥ ವಿಷಯಗಳು ಕೈಗೆ ಬಂದರೆ ನಮ್ಮವರಿಗೆ ಹೆಮ್ಮೆಯ ಜ್ವರ ಏರುತ್ತದೆ. ಕೌಂಡಿನ್ಯನು ಕಾಂಬೋಡಿಯಕ್ಕೆ ಹೋಗಿ ಅಲ್ಲಿಯ ರಾಣಿಯನ್ನು ವರಿಸಿದನೆಂಬುದು ಚೀನೀ ಬರಹಗಳಲ್ಲೂ ಚಂಪಾದ ಶಾಸನದಲ್ಲೂ ಬರುವ ಐತಿಹ್ಯ. ಬರುಸಿನ ಕಲ್ಲು ಶಾಸನ. ಎರಡರ ವ್ಯತ್ಯಾಸವನ್ನು ಹತ್ತು ವರ್ಷದ ಮಗುವಿಗೂ ಹೇಳಬಹುದು. ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದಲ್ಲಿ ನಮ್ಮ ಕರಾವಳಿಯ ಕನ್ನಡ ಮಾತುಗಳಿವೆ ಎಂದು ಹುಲ್ಟ್ಜ್, ಶಾಮಶಾಸ್ತ್ರಿ, ಗೋವಿಂದ ಪೈಗಳಂಥ ವಿದ್ವಾಂಸರು ವಾದಿಸಿದರು, ಬಾರ್ನೆಟ್ಟರಂಥವರು ಒಪ್ಪಲಿಲ್ಲ. ಇದನ್ನು 'ಎರಡು ಸಾವಿರ ವರ್ಷದ ಕನ್ನಡ ಈಜಿಪ್ಟಿನಲ್ಲಿ' ಎಂದು ಫಲಕ ಬರೆಸುವ ಬದಲು ವಾದ ಪ್ರತಿವಾದಗಳನ್ನೇ ಎರಡು ಗುಂಪು ಮಾಡಿ ಮಕ್ಕಳಿಂದ ಆಡಿಸಬೇಕು. ಕಡಲು ನಮ್ಮೊಬ್ಬರದೇ ಅಲ್ಲ ಎಂಬುದಕ್ಕೂ ಉದಾಹರಣೆಗಳು ಬೇಕು. ಮಡಗಾಸ್ಕರಿನ ಭಾಷೆಗೆ ಅತಿ ಹತ್ತಿರದ ನೆಂಟ ಆಫ್ರಿಕದಲ್ಲಿಲ್ಲ, ಬೋರ್ನಿಯೋದಲ್ಲಿದೆ. 1976ರಲ್ಲಿ 'ಹೋಕುಲೆಯ' ಎಂಬ ಜೋಡಿದೋಣಿಯನ್ನು ಹವಾಯಿಯಿಂದ ತಹಿತಿಗೆ ಯಾವ ಉಪಕರಣವೂ ಇಲ್ಲದೆ ನಡೆಸಿದ ಮಾವ್ ಪಿಯಾಯಿಲುಗ್ ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ. ಅವನ ದ್ವೀಪದಲ್ಲಿ ಹಿರಿಯರು ಚಾಪೆಯ ಮೇಲೆ ಕಲ್ಲುಗಳನ್ನು ವೃತ್ತವಾಗಿ ಜೋಡಿಸಿ ನಕ್ಷತ್ರಗಳು ಹುಟ್ಟುವ, ಮುಳುಗುವ ದಿಕ್ಕುಗಳನ್ನು ಮಕ್ಕಳಿಗೆ ಕಲಿಸುತ್ತಿದ್ದರು. ಚಟುವಟಿಕೆಯಿಂದ ಕಲಿಕೆ ಎಂಬುದು ನಮ್ಮ ಶಿಕ್ಷಣಶಾಸ್ತ್ರದ ಹೊಸ ಆವಿಷ್ಕಾರವೇನಲ್ಲ.

ನಮ್ಮಲ್ಲಿ ಇದು ಬೇರೂರದಿರಲು ಒಂದು ಹಳೆಯ ಕಾರಣವಿದೆಯೆಂದು ನನಗೆ ತೋರುತ್ತದೆ. ಸಮುದ್ರ ದಾಟುವುದನ್ನು ಪಾತಕವೆಂದ ವರ್ಗವೇ ಮುಂದೆ ಪಠ್ಯಪುಸ್ತಕಗಳನ್ನು ಬರೆದ ವರ್ಗವೂ ಆಯಿತು. ಕಡಲನ್ನು ಬಲ್ಲವರು ಮೊಗವೀರರು, ಖಾರ್ವಿಗಳು, ಹಡಗಿನ ಆಚಾರಿಗಳು. ಅವರ ಅರಿವು ಕೈಯಲ್ಲಿತ್ತು, ಆದ್ದರಿಂದ ಅದು ವಿದ್ಯೆಯಾಗಲಿಲ್ಲ, ಕಸುಬಾಯಿತು. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ಶಿಕ್ಷಣವೂ, ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ನಡೆಸಿದ ಪ್ರಯೋಗಗಳೂ ಈ ಗೋಡೆಯನ್ನೇ ಒಡೆಯಲು ನೋಡಿದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಹತ್ತು ದಿನ ಚೀಲವಿಲ್ಲದೆ ಕಸುಬುದಾರರ ಜೊತೆ ಕಲಿಯುವ ಅವಕಾಶ ಸೂಚಿತವಾಗಿದೆ. ಕಾಗದದ ಮೇಲಿನ ಆ ಹತ್ತು ದಿನಗಳಲ್ಲಿ ಎರಡು ದಿನ ಕಡಲಿಗೆ ಸಿಕ್ಕರೂ ಸಾಕು.

ಸಂಘದ ಹಿರಿಯರು ಕೇಳಬಹುದು: ಮಕ್ಕಳಿಗೆ ಕನ್ನಡದ ಅಕ್ಷರವೇ ಬಾರದಿರುವಾಗ ಹಡಗು ಏಕೆ? ಅದಕ್ಕಾಗಿಯೇ ಹಡಗು. ಭಾನುವಾರದ ಕನ್ನಡ ತರಗತಿಗೆ ಮಕ್ಕಳು ಬರುವುದು ತಾಯಿತಂದೆಯರ ಒತ್ತಾಯಕ್ಕೆ. ಏಳನೆಯ ತರಗತಿ ದಾಟಿದೊಡನೆ ಟ್ಯೂಷನ್ನಿನ ನೆಪದಲ್ಲಿ ಬಿಟ್ಟುಹೋಗುತ್ತಾರೆ. ಅವರಿಗೆ ಕನ್ನಡವೆಂದರೆ ಅಜ್ಜಿಯೊಡನೆ ಫೋನಿನಲ್ಲಿ ಆಡುವ ನಾಲ್ಕು ಮಾತು, ನವೆಂಬರಿನಲ್ಲಿ ಒಂದು ವೇಷ. ಕೂವೆಮರ, ಚುಕ್ಕಾಣಿ, ಲಂಗರು, ಹುಟ್ಟು, ಹಾಯಿ, ಹರಿಗೋಲು ಎಂಬ ಪದಗಳು ಕೈಯಲ್ಲಿ ಒಂದು ವಸ್ತುವಿನೊಡನೆ ಬಂದರೆ ಅವು ಕಾಪಿ ಪುಸ್ತಕದ ಪದಗಳಾಗಿ ಉಳಿಯುವುದಿಲ್ಲ. ಮಕ್ಕಳನ್ನು ಬಾರ್ಕಸ್‌ಗೆ ಕರೆದೊಯ್ದು ಅಲ್ಲಿಯ ಹಿರಿಯರೊಡನೆ ಕೂರಿಸಿದರೆ, ಅವರು ಕೇಳಬೇಕಾದ ಪ್ರಶ್ನೆಯೂ ನಮ್ಮದೇ: ನಿಮ್ಮ ಮನೆಯಲ್ಲಿ ಅರಬ್ಬಿ ಯಾವ ತಲೆಮಾರಿನವರೆಗೆ ಮಾತಾಯಿತು, ಎಲ್ಲಿ ನಿಂತಿತು, ಏನು ಉಳಿಯಿತು? ಹರೀಸಿನ ಬಟ್ಟಲು ಮುಂದಿಟ್ಟುಕೊಂಡು ಅವರು ಕೊಡುವ ಉತ್ತರವನ್ನು ನಾವು ದೊಡ್ಡವರೂ ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳಬಹುದು.

ಖರ್ಚು ಹೆಚ್ಚಿಲ್ಲ, ವಾರ್ಷಿಕೋತ್ಸವದ ಹೂಮಾಲೆಗಳ ಬಾಬತ್ತಿನಲ್ಲಿ ಮುಗಿಯುತ್ತದೆ. ಆರಂಭಕ್ಕೆ ಒಂದು ಸುಲಭದ ಕೆಲಸವನ್ನು ಸೂಚಿಸುತ್ತೇನೆ. ಅರಬ್ಬೀ ನಾವಿಕರು ಕಮಲ್ ಎಂಬ ಸಾಧನವನ್ನು ಬಳಸುತ್ತಿದ್ದರು: ಒಂದು ಚಿಕ್ಕ ಹಲಗೆ, ಅದರ ನಡುವಿನಿಂದ ಒಂದು ದಾರ. ಹಲಗೆಯ ಕೆಳ ಅಂಚು ದಿಗಂತಕ್ಕೆ, ಮೇಲಂಚು ಧ್ರುವ ನಕ್ಷತ್ರಕ್ಕೆ ತಾಗುವಂತೆ ಹಿಡಿದು, ದಾರವನ್ನು ಹಲ್ಲಿನಲ್ಲಿ ಬಿಗಿಯಾಗಿ ಕಚ್ಚಿ, ಅಲ್ಲಿಗೊಂದು ಗಂಟು. ಒಂದೊಂದು ಬಂದರಿಗೆ ಒಂದೊಂದು ಗಂಟು. ಹತ್ತು ಸೆಂಟಿಮೀಟರ್ ಎತ್ತರದ ರಟ್ಟಿನ ತುಂಡು ಸಾಕು. ಹೈದರಾಬಾದಿನಲ್ಲಿ ಗಂಟು ಸುಮಾರು 32 ಸೆಂಟಿಮೀಟರಿಗೆ ಬೀಳುತ್ತದೆ, ಕಾರವಾರದಲ್ಲಿ 38ಕ್ಕೆ, ಮಂಗಳೂರಿನಲ್ಲಿ 44ಕ್ಕೆ. ಬೀದರ್, ಕಲಬುರಗಿಯವರಿಗೆ ಹೆಚ್ಚು ವ್ಯತ್ಯಾಸ ಕಾಣದು. ಮೈಸೂರಿನವರಿಗೆ ದಾರ ಉದ್ದವಾದೀತು. ದಿಗಂತ ಕಾಣದ ಕಡೆ, ಗಾರೆಯವರು ಬಳಸುವ ನೀರು ತುಂಬಿದ ಪೈಪಿನಿಂದ ಎದುರಿನ ಗೋಡೆಯ ಮೇಲೆ ಕಣ್ಣಿನ ಮಟ್ಟವನ್ನು ಗುರುತಿಸಿಕೊಂಡರಾಯಿತು. ಈ ಏಪ್ರಿಲಿನಲ್ಲಿ ಸಂಘದ ತಾರಸಿಯ ಮೇಲೆ ಮಕ್ಕಳು ಮೊದಲ ಗಂಟು ಹಾಕಲಿ. ಮೇ ತಿಂಗಳಲ್ಲಿ ಅಜ್ಜಿಯ ಊರಿಗೆ ಹೋಗುವಾಗ ದಾರ ಜೇಬಿನಲ್ಲಿರಲಿ, ಅಲ್ಲೊಂದು ಗಂಟು ಬೀಳಲಿ. ಜೂನ್ ಎರಡನೆಯ ಭಾನುವಾರ ತರಗತಿ ತೆರೆದಾಗ ಎಲ್ಲ ದಾರಗಳನ್ನೂ ಒಂದೇ ಗೋಡೆಯ ಮೇಲೆ ಸಾಲಾಗಿ ತೂಗುಹಾಕೋಣ.